ಲೈನು ನಿಲ್ಲಬಾರದು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ಏನೇ ಆಗಲಿ, ಲೈನು, ಅಂದರೆ ಕಾರುಗಳು ಜೋಡಣೆಯಾಗುತ್ತ ಮುಂದೆ ಸಾಗುವ ಸಾಲು, ನಿಲ್ಲಬಾರದು. ಬೋಲ್ಟ್ ಸರಿಯಾಗಿ ಕೂರಲಿಲ್ಲವೇ? ಕಾರು ಮುಂದೆ ಹೋಗಲಿ. ಬೇರೆ ಮಾದರಿಯ ಬಂಪರ್ ಹಾಕಿಬಿಟ್ಟರೇ? ಹೋಗಲಿ, ಕೊನೆಯಲ್ಲಿ ರಿಪೇರಿಯವರು ನೋಡಿಕೊಳ್ಳುತ್ತಾರೆ. ದಿನವೂ ನೂರಕ್ಕೆ ಇಪ್ಪತ್ತು ಕೆಲಸಗಾರರು ಗೈರು. 1982ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಅಮೆರಿಕದ ಕಾರು ಉದ್ಯಮ ಏಕೆ ಕುಸಿಯಿತು ಎಂದರೆ 1973ರ ತೈಲ ಬಿಕ್ಕಟ್ಟು, ಪೆಟ್ರೋಲ್ ಕುಡಿಯುವ ದೊಡ್ಡ ಕಾರುಗಳು, ಸಂಬಳ ಮತ್ತು ಪಿಂಚಣಿಯ ಹೊರೆ ಎನ್ನುತ್ತಾರೆ. ಎಲ್ಲವೂ ನಿಜ. ಆದರೆ ಬೇರು ಆ ನಿಯಮದಲ್ಲೇ ಇತ್ತೆಂದು ನನಗೆ ಅನಿಸುತ್ತದೆ.

1950ರ ಹೊತ್ತಿಗೆ ಜಗತ್ತಿನಲ್ಲಿ ತಯಾರಾಗುತ್ತಿದ್ದ ಪ್ರತಿ ನಾಲ್ಕು ವಾಹನಗಳಲ್ಲಿ ಸುಮಾರು ಮೂರು ಅಮೆರಿಕದವು. ಆ ವರ್ಷ ಜಪಾನಿನ ಐಜಿ ಟೊಯೋಡಾ ಡೆಟ್ರಾಯಿಟ್ ಬಳಿಯ ಫೋರ್ಡ್ ರೂಜ್ ಕಾರ್ಖಾನೆ ನೋಡಲು ಬಂದರು. ಅವರ ಕಂಪನಿ ಟೊಯೋಟಾ 13 ವರ್ಷಗಳಲ್ಲಿ ಮಾಡಿದ್ದು 2,685 ಕಾರು. ರೂಜ್‌ನಲ್ಲಿ ಒಂದೇ ದಿನಕ್ಕೆ ಸುಮಾರು 7,000!

ಬಡತನವೇ ಟೊಯೋಟಾಕ್ಕೆ ಪಾಠ ಕಲಿಸಿತು. ತಗಡನ್ನು ಬಾಗಿಲು, ಬಾನೆಟ್‌ಗಳ ಆಕಾರಕ್ಕೆ ಒತ್ತುವ ಪ್ರೆಸ್‌ಗಳಿಗೆ ಭಾರೀ ತೂಕದ ಅಚ್ಚುಗಳು ಬೇಕು. ಅಮೆರಿಕದಲ್ಲಿ ಅಚ್ಚು ಬದಲಿಸಲು ಒಂದು ದಿನವೇ ಹಿಡಿಯುತ್ತಿತ್ತು. ಹಾಗಾಗಿ ಒಂದು ಭಾಗಕ್ಕೇ ಒಂದು ಪ್ರೆಸ್ ಮೀಸಲಿಟ್ಟು ತಿಂಗಳುಗಟ್ಟಲೆ ಅದನ್ನೇ ಒತ್ತಿ ರಾಶಿ ಹಾಕುತ್ತಿದ್ದರು. ಅಷ್ಟು ಪ್ರೆಸ್ ಕೊಳ್ಳಲು ಟೊಯೋಟಾದ ಬಳಿ ಹಣವಿರಲಿಲ್ಲ. ಅಲ್ಲಿನ ಎಂಜಿನಿಯರ್ ತೈಚಿ ಓನೊ ಅಚ್ಚು ಬದಲಿಸುವ ಕೆಲಸವನ್ನು ವರ್ಷಗಟ್ಟಲೆ ತಿದ್ದಿ ತೀಡಿ ಮೂರು ನಿಮಿಷಕ್ಕೆ ಇಳಿಸಿದರು. ಆಗೊಂದು ಸಂಗತಿ ಬೆಳಕಿಗೆ ಬಂತು. ಒಂದು ಸಲಕ್ಕೆ ಕೆಲವೇ ಭಾಗ ಒತ್ತಿದರೆ, ಸೊಟ್ಟಗಾದ ತಗಡು ಅಂದೇ ಕಣ್ಣಿಗೆ ಬೀಳುತ್ತದೆ. ಗೋದಾಮಿನಲ್ಲಿ ಸಾವಿರಾರು ತುಂಬಿದ ಮೇಲೆ ತಿಳಿದರೆ ಎಲ್ಲವೂ ಗುಜರಿಗೆ.

ಇದರ ಹಿಂದೆ ಸರಳ ಗಣಿತವಿದೆ. ಕಾರು ಸಾವಿರ ಹಂತಗಳಲ್ಲಿ ಸಿದ್ಧವಾಗುತ್ತದೆ ಎನ್ನಿ. ಪ್ರತಿ ಹಂತವೂ ನೂರಕ್ಕೆ 99.9ರಷ್ಟು ಸರಿ. ಕೇಳಲು ಚೆನ್ನಾಗಿದೆ, ಅಲ್ಲವೇ? ಆದರೂ ಒಂದೂ ದೋಷವಿಲ್ಲದೆ ಹೊರಬರುವುದು ನೂರರಲ್ಲಿ 37 ಕಾರು ಮಾತ್ರ. 99.99ಕ್ಕೆ ಏರಿಸಿದರೆ 90. ಆ ಕೊನೆಯ ಕೂದಲೆಳೆಯ ವ್ಯತ್ಯಾಸ ಸಾಧಿಸಲು ತಪ್ಪನ್ನು ಆದ ಜಾಗದಲ್ಲೇ, ಆದ ಕ್ಷಣದಲ್ಲೇ ಹಿಡಿಯಬೇಕು. ಅಂದರೆ ಲೈನು ನಿಲ್ಲಿಸುವ ಅಧಿಕಾರ ಸ್ಪ್ಯಾನರ್ ಹಿಡಿದವರ ಕೈಯಲ್ಲಿರಬೇಕು.

1984ರಲ್ಲಿ ಜನರಲ್ ಮೋಟರ್ಸ್ ಮತ್ತು ಟೊಯೋಟಾ ಕೂಡಿ ಫ್ರೀಮಾಂಟ್ ಕಾರ್ಖಾನೆಯನ್ನು ಮತ್ತೆ ತೆರೆದವು. ಅದೇ ಕಟ್ಟಡ, ಅದೇ ಯೂನಿಯನ್, ಕೆಲಸಗಾರರಲ್ಲೂ ಬಹುಪಾಲು ಹಳಬರೇ. ನೂರಾರು ಮಂದಿ ಜಪಾನಿನ ತಕಓಕಾದಲ್ಲಿನ ಟೊಯೋಟಾ ಕಾರ್ಖಾನೆಗೆ ಹೋಗಿ ಕಲಿತು ಬಂದರು. ಲೈನಿನುದ್ದಕ್ಕೂ ತಲೆಯ ಮೇಲೆ ಒಂದು ಹಗ್ಗ. ಅನುಮಾನ ಬಂದರೆ ಎಳೆಯುವುದು. ಸಂಗೀತ ಕೇಳಿಸುತ್ತದೆ, ತಂಡದ ಮುಖ್ಯಸ್ಥ ಓಡಿಬರುತ್ತಾನೆ. ಕಾರು ಆ ಜಾಗ ದಾಟುವುದರೊಳಗೆ ಸರಿಯಾಗದಿದ್ದರೆ ಲೈನು ನಿಲ್ಲುತ್ತದೆ.

ಎಂಐಟಿಯ ಸಂಶೋಧಕರು 1986–87ರಲ್ಲಿ ಲೆಕ್ಕ ಹಾಕಿದಾಗ ಜನರಲ್ ಮೋಟರ್ಸ್‌ನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ ಒಂದು ಕಾರು ಜೋಡಿಸಲು 31 ಗಂಟೆ ದುಡಿಮೆ, ನೂರು ಕಾರಿಗೆ 130 ದೋಷ. ಫ್ರೀಮಾಂಟ್‌ನಲ್ಲಿ 19 ಗಂಟೆ, 45 ದೋಷ. ತಕಓಕಾದಲ್ಲೂ ದೋಷ ಅಷ್ಟೇ, 45. ಸೋಮಾರಿಗಳು, ಜಗಳಗಂಟರು ಎಂದು ಹೆಸರು ಕೆಡಿಸಿಕೊಂಡಿದ್ದ ಮಂದಿ ಮಾಡಿ ತೋರಿಸಿದ್ದು ಇದು. ಓದಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಜನರಲ್ ಮೋಟರ್ಸ್ ಮಾತ್ರ ಬೇಗ ಕಲಿಯಲಿಲ್ಲ. ರೋಬಾಟ್‌ಗಳಿಗೆ ನೂರಾರು ಕೋಟಿ ಡಾಲರ್ ಸುರಿಯಿತು. ಅದೇ ಕ್ಯಾಲಿಫೋರ್ನಿಯಾದ ವಾನ್ ನೈಸ್ ಕಾರ್ಖಾನೆಗೂ ಹಗ್ಗ ತಂದು ಕಟ್ಟಿತು. ಆದರೆ ಅಲ್ಲಿನ ಮೇಲಧಿಕಾರಿಗಳ ಯೋಗ್ಯತೆ ಅಳೆಯುತ್ತಿದ್ದುದು ದಿನಕ್ಕೆ ಎಷ್ಟು ಕಾರು ಇಳಿಯಿತು ಎಂಬುದರಿಂದಲೇ. ಹಗ್ಗ ಎಳೆದವರಿಗೆ ಬೈಗುಳ. 1992ರಲ್ಲಿ ಅದೂ ಮುಚ್ಚಿತು.

1960ರ ದಶಕದ ಆರಂಭದಲ್ಲಿ ಅಮೆರಿಕದ ಮಾರುಕಟ್ಟೆಯ ಅರ್ಧದಷ್ಟನ್ನು ಆಳುತ್ತಿದ್ದ ಜನರಲ್ ಮೋಟರ್ಸ್‌ನ ಪಾಲು 2009ಕ್ಕೆ ಐದರಲ್ಲೊಂದಕ್ಕೆ ಇಳಿದಿತ್ತು. ಆ ಜೂನ್ 1ರಂದು ದಿವಾಳಿ ಅರ್ಜಿ ಹಾಕಿದ ಅದು ಫ್ರೀಮಾಂಟ್ ಪಾಲುದಾರಿಕೆಯಿಂದಲೂ ಹೊರಬಿತ್ತು. ಟೊಯೋಟಾ ಒಂಟಿಯಾಗಿ ನಡೆಸಲು ಒಪ್ಪಲಿಲ್ಲ. 2010ರ ಏಪ್ರಿಲ್ 1ರಂದು ಕೊನೆಯ ಕೊರೊಲ್ಲಾ ಲೈನಿನಿಂದ ಇಳಿಯಿತು. ಸುಮಾರು 4,700 ಮಂದಿ ಕೆಲಸ ಕಳೆದುಕೊಂಡರು.