ಅಗ್ಗದ ಸೇನಾ ರೈಫಲ್ ದುಬಾರಿಯಾದ ಬಗೆ

ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಸಾಧಾರಣ ಊರೊಂದರ ಕ್ರೀಡಾಸಾಮಗ್ರಿ ಅಂಗಡಿಯಲ್ಲಿಯೂ ಸೋವಿಯತ್ ಸೇನೆಯ ಮೊಸಿನ್-ನಗಾಂಟ್ ರೈಫಲ್ ನೂರು ಡಾಲರಿನೊಳಗೆ ಸಿಗುತ್ತಿತ್ತು. ಅದೇ ರೈಫಲಿಗೆ ಇಂದು ಅದರ ನಾಲ್ಕು ಪಟ್ಟು ಅಥವಾ ಇನ್ನೂ ಹೆಚ್ಚು ಕೊಡಬೇಕು. ಕಾನೂನು ಬಿಗಿಯಾದದ್ದೇ ಕಾರಣವೆಂದು ಕೆಲವರು ಹೇಳುತ್ತಾರೆ, ವ್ಯಾಪಾರಿಗಳ ದುರಾಸೆಯೆಂದು ಕೆಲವರು, ಯುಕ್ರೇನಿನ ಯುದ್ಧವೆಂದು ಮತ್ತೆ ಕೆಲವರು. ಒಂದೊಂದರಲ್ಲೂ ಸ್ವಲ್ಪ ನಿಜವಿದೆಯಾದರೂ, ಸೇನೆಗಳು ವಿಲೇವಾರಿ ಮಾಡಿದ ಹಳೆಯ ರೈಫಲುಗಳು ಜನಸಾಮಾನ್ಯರ ಕೈಗೆ ಎಟುಕಿದ್ದು ಮತ್ತು ತಪ್ಪಿದ್ದು ಒಂದೂಕಾಲು ಶತಮಾನಕ್ಕೂ ಮಿಕ್ಕಿದ ಕಥೆ. ಅದರ ಬಹುತೇಕ ತಿರುವುಗಳು ಈ ರೈಫಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ನಿರ್ಧಾರಗಳಿಂದ ಬಂದವಲ್ಲ ಎಂಬುದೇ ಈ ವಿಷಯವನ್ನು ಇಷ್ಟು ಸಿಕ್ಕಾಗಿಸಿದೆ.

ಅಮೆರಿಕದಲ್ಲಿ ಈ ವ್ಯಾಪಾರ ಆರಂಭವಾದದ್ದು 1865ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ. ನ್ಯೂಯಾರ್ಕಿನ ಫ್ರಾನ್ಸಿಸ್ ಬ್ಯಾನರ್‌ಮನ್ ಸೇನೆಯ ಹರಾಜುಗಳಲ್ಲಿ ಕೊಂಡ ಸರಕನ್ನು ಕ್ಯಾಟಲಾಗ್ ಅಚ್ಚುಹಾಕಿಸಿ ಮಾರಿದರು. 1898ರ ಸ್ಪೇನ್ ಯುದ್ಧದ ತರುವಾಯ ಕೊಂಡ ಮದ್ದುಗುಂಡನ್ನು ನಗರದೊಳಗೆ ಇಡಲಾಗದೆ ಹಡ್ಸನ್ ನದಿಯ ಒಂದು ದ್ವೀಪವನ್ನೇ ಕೊಂಡು ಅಲ್ಲಿ ಕೋಟೆಯಾಕಾರದ ಉಗ್ರಾಣ ಕಟ್ಟಿಸಿದರು. 1903ರಲ್ಲಿ ನಾಗರಿಕರಿಗೆ ಗುರಿಕಾರಿಕೆ ಕಲಿಸುವ ಸರ್ಕಾರಿ ಮಂಡಳಿಯೊಂದು ಸ್ಥಾಪನೆಯಾಯಿತು. 1905ರ ಕಾನೂನು ಸೇನೆಗೆ ಬೇಡವಾದ ರೈಫಲುಗಳನ್ನು ರೈಫಲ್ ಕ್ಲಬ್ಬುಗಳಿಗೆ ಮಾರಲು ಅನುಮತಿ ನೀಡಿತು. ಗುರಿಯಿಡಲು ಬಲ್ಲ ನಾಗರಿಕನು ನಾಳೆ ಯುದ್ಧ ಬಂದರೆ ಬೇಗ ಸೈನಿಕನಾಗಬಲ್ಲನು ಎಂಬುದು ಅಂದಿನ ಆಲೋಚನೆ. ಬೆಲೆ ಕಡಿಮೆಯಿರಲಿ ಎಂದು ಸರ್ಕಾರವೇ ಬಯಸಿದ ಕಾಲ ಅದು.

ಮೊಸಿನ್ ರೈಫಲ್ ಅಮೆರಿಕಕ್ಕೆ ಮೊದಲು ಬಂದದ್ದೂ ಆ ಕಾಲದಲ್ಲಿಯೇ. ಬಂದದ್ದು ಎನ್ನುವುದಕ್ಕಿಂತ ಅಲ್ಲಿಯೇ ಹುಟ್ಟಿದ್ದು ಎನ್ನಬೇಕು. ಮೊದಲ ಮಹಾಯುದ್ಧದಲ್ಲಿ ತನ್ನ ಕಾರ್ಖಾನೆಗಳು ಸಾಲದಾದಾಗ ರಷ್ಯಾದ ತ್ಸಾರ್ ಸರ್ಕಾರವು ರೆಮಿಂಗ್ಟನ್ ಮತ್ತು ನ್ಯೂ ಇಂಗ್ಲೆಂಡ್ ವೆಸ್ಟಿಂಗ್‌ಹೌಸ್ ಕಂಪನಿಗಳಿಗೆ ಲಕ್ಷಗಟ್ಟಲೆ ರೈಫಲುಗಳಿಗೆ ಆದೇಶ ಕೊಟ್ಟಿತ್ತು. 1917ರ ಕ್ರಾಂತಿಯಲ್ಲಿ ಗಿರಾಕಿಯೇ ಮಾಯವಾದಾಗ ಉಳಿದ ದಾಸ್ತಾನನ್ನು ಅಮೆರಿಕದ ಸರ್ಕಾರ ಕೊಂಡುಕೊಂಡಿತು. ಅವುಗಳಲ್ಲಿ ಕೆಲವು ಕಾಲಕ್ರಮದಲ್ಲಿ ನಾಗರಿಕರ ಕೈ ಸೇರಿದವು.

ಎರಡನೆಯ ಮಹಾಯುದ್ಧದ ನಂತರ ಯೂರೋಪಿನ ಸೇನೆಗಳೆಲ್ಲ ಸ್ವಯಂಚಾಲಿತ ಶಸ್ತ್ರಗಳತ್ತ ಹೊರಳಿದವು. ಒಂದೊಂದು ಗುಂಡಿಗೂ ಕೈಯಿಂದ ಚಿಲಕ ಎಳೆಯಬೇಕಾದ ಬೋಲ್ಟ್ ರೈಫಲುಗಳು ಉಗ್ರಾಣಗಳಿಗೆ ಹೊರೆಯಾದವು. 1953ರಲ್ಲಿ ಇಂಟರ್‌ಆರ್ಮ್ಕೋ ಸಂಸ್ಥೆಯನ್ನು ಆರಂಭಿಸಿದ ಸ್ಯಾಮ್ಯುಯೆಲ್ ಕಮಿಂಗ್ಸ್ ಅವರು ದೇಶದೇಶಗಳಲ್ಲಿ ಸುತ್ತಿ ಇವುಗಳನ್ನು ಸಗಟಾಗಿ ಕೊಂಡು ವರ್ಜೀನಿಯಾದ ಅಲೆಕ್ಸಾಂಡ್ರಿಯಾದ ಉಗ್ರಾಣಗಳಲ್ಲಿ ತುಂಬಿಸಿದರು. ಜರ್ಮನಿಯ ಮೌಸರ್, ಬ್ರಿಟನ್ನಿನ ಲೀ-ಎನ್‌ಫೀಲ್ಡ್, ಇಟಲಿಯ ಕಾರ್ಕಾನೊ ಅಂಚೆಯ ಮೂಲಕ ಮನೆಬಾಗಿಲಿಗೆ ಬರತೊಡಗಿದವು. ಹೊಸ ಬೇಟೆಯ ರೈಫಲ್ ಕೊಳ್ಳಲಾಗದ ಕಾರ್ಮಿಕರೂ ರೈತರೂ ಇವುಗಳ ಉದ್ದ ಮರವನ್ನು ಕೊಯ್ದು, ನಳಿಗೆಯನ್ನು ಮೊಟಕುಗೊಳಿಸಿ ಜಿಂಕೆ ಬೇಟೆಗೆ ಒಯ್ದರು.

ಸ್ವದೇಶಿ ತಯಾರಕರಿಗೆ ಇದು ನುಂಗಲಾರದ ತುತ್ತಾಯಿತು. ಆಮದನ್ನು ನಿಲ್ಲಿಸಬೇಕೆಂಬ ಒತ್ತಾಯ ಮೊದಲು ಕೇಳಿಬಂದದ್ದು ಅಪರಾಧ ನಿಯಂತ್ರಣದ ಮಾತಿನಿಂದಲ್ಲ, ವ್ಯಾಪಾರ ಹಿತರಕ್ಷಣೆಯ ಮಾತಿನಿಂದ ಎಂಬುದನ್ನು ಇಲ್ಲಿ ಗಮನಿಸಬೇಕು. ಬಂದೂಕು ಕಾರ್ಖಾನೆಗಳ ತವರಾದ ನ್ಯೂ ಇಂಗ್ಲೆಂಡ್ ಪ್ರಾಂತದ ಮ್ಯಾಸಚೂಸೆಟ್ಸ್ ರಾಜ್ಯವನ್ನು ಪ್ರತಿನಿಧಿಸುತ್ತಿದ್ದ ಯುವ ಸೆನೆಟರ್ ಒಬ್ಬರು 1958ರಲ್ಲಿ ಸೇನಾ ಸರ್‌ಪ್ಲಸ್, ಅಂದರೆ ಸೇನೆಗಳಿಗೆ ಬೇಡವಾದ ಶಸ್ತ್ರಗಳ, ಆಮದನ್ನು ನಿಷೇಧಿಸುವ ಮಸೂದೆ ಮಂಡಿಸಿದರು. ಅವರು ಜಾನ್ ಎಫ್. ಕೆನಡಿ. ಮಸೂದೆ ಆ ರೂಪದಲ್ಲಿ ಅಂಗೀಕಾರವಾಗಲಿಲ್ಲ; ಅಮೆರಿಕವು ನೆರವಾಗಿ ವಿದೇಶಗಳಿಗೆ ಕೊಟ್ಟ ತನ್ನದೇ ಶಸ್ತ್ರಗಳು ಮರಳಿ ಬರುವುದಕ್ಕಷ್ಟೇ ತಡೆ ಬಿತ್ತು.

1963ರ ಮಾರ್ಚ್‌ನಲ್ಲಿ ಲೀ ಹಾರ್ವೆ ಓಸ್ವಾಲ್ಡ್ ಸುಳ್ಳು ಹೆಸರಿನಲ್ಲಿ ಶಿಕಾಗೋದ ಅಂಗಡಿಯೊಂದರಿಂದ ಅಂಚೆಯ ಮೂಲಕ ಕಾರ್ಕಾನೊ ರೈಫಲೊಂದನ್ನು ತರಿಸಿಕೊಂಡ. ದುರ್ಬೀನು ಸಹಿತ ಅದರ ಬೆಲೆ 19.95 ಡಾಲರ್, ಸಾಗಣೆ ವೆಚ್ಚ ಬೇರೆ. 1940ರಲ್ಲಿ ಇಟಲಿಯ ಟೆರ್ನಿಯಲ್ಲಿ ತಯಾರಾಗಿದ್ದ ಆ ರೈಫಲಿನಿಂದ ನವೆಂಬರ್ 22ರಂದು ಅಧ್ಯಕ್ಷ ಕೆನಡಿಯವರ ಹತ್ಯೆಯಾಯಿತು. ಅಲ್ಲಿಯವರೆಗೆ ಸದ್ಗುಣವೆನಿಸಿದ್ದ ಅಗ್ಗದ ಬೆಲೆ ಅಂದಿನಿಂದ ಅನುಮಾನಕ್ಕೆ ಗುರಿಯಾಯಿತು. ಗುರುತು ಪರಿಶೀಲನೆಯಿಲ್ಲದ ಅಂಚೆ ಮಾರಾಟವನ್ನು ಸಮರ್ಥಿಸುವುದು ಯಾರಿಗೂ ಸಾಧ್ಯವಿರಲಿಲ್ಲ, ಸಮರ್ಥಿಸಬೇಕಾಗಿಯೂ ಇರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರ ಹತ್ಯೆಗಳ ಬಳಿಕ, 1968ರ ಅಕ್ಟೋಬರ್ 22ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಬಂದೂಕು ನಿಯಂತ್ರಣ ಕಾಯಿದೆಯು ನಾಗರಿಕರಿಗೆ ಅಂತರರಾಜ್ಯ ಅಂಚೆ ಮಾರಾಟವನ್ನು ನಿಲ್ಲಿಸಿತು, ಜೊತೆಗೆ ಸೇನಾ ಸರ್‌ಪ್ಲಸ್ ಆಮದಿನ ಬಾಗಿಲನ್ನೂ ಮುಚ್ಚಿತು. ಮೊದಲನೆಯದು ಅಗತ್ಯವಿತ್ತು. ಎರಡನೆಯದು ಅದರ ನೆರಳಿನಲ್ಲಿ ನುಸುಳಿಕೊಂಡು ಬಂದಿತು ಎಂದು ಅಂದಿನ ಸಂಗ್ರಾಹಕರು ಹೇಳುತ್ತಿದ್ದ ಮಾತನ್ನು, ಹತ್ತು ವರ್ಷ ಹಿಂದಿನ ಮಸೂದೆಯನ್ನು ನೆನೆದರೆ, ಸುಲಭವಾಗಿ ತಳ್ಳಿಹಾಕಲಾಗದು.

ಬಾಗಿಲು ಮತ್ತೆ ತೆರೆದದ್ದು 1984ರಲ್ಲಿ. ಕನಿಷ್ಠ ಐವತ್ತು ವರ್ಷ ಹಳೆಯದಾದ ಅಥವಾ ಐತಿಹಾಸಿಕ ಮೌಲ್ಯವುಳ್ಳ ಶಸ್ತ್ರಗಳನ್ನು ಸಂಗ್ರಹಯೋಗ್ಯ ಸ್ಮಾರಕ ವಸ್ತುಗಳೆಂದು ಪರಿಗಣಿಸುವ ವ್ಯವಸ್ಥೆ ಮೊದಲೇ ಇತ್ತು. ಅಂಥವುಗಳ ಆಮದಿಗೆ ಸೆನೆಟರ್ ಬಾಬ್ ಡೋಲ್ ತಂದ ತಿದ್ದುಪಡಿಯು ಅವಕಾಶ ಮಾಡಿಕೊಟ್ಟಿತು. ಮೂರು ವರ್ಷಕ್ಕೆ ಮೂವತ್ತು ಡಾಲರ್ ಶುಲ್ಕದ ಸಂಗ್ರಾಹಕರ ಪರವಾನಗಿ ಪಡೆದವರು, ಪ್ರತಿಯೊಂದು ಖರೀದಿಯನ್ನೂ ದಫ್ತರದಲ್ಲಿ ನಮೂದಿಸುವ ಷರತ್ತಿನ ಮೇಲೆ, ಇವುಗಳನ್ನು ನೇರವಾಗಿ ಮನೆಗೆ ತರಿಸಿಕೊಳ್ಳಬಹುದು. ಇದಾಗಿ ಏಳು ವರ್ಷಕ್ಕೆ ಸೋವಿಯತ್ ಒಕ್ಕೂಟ ಒಡೆಯಿತು.

ಅದರ ನಂತರದ ಎರಡು ದಶಕಗಳೇ ಹಳೆಯ ಸೇನಾ ರೈಫಲುಗಳನ್ನು ಕೊಳ್ಳುವ ಈ ಹವ್ಯಾಸದ ಸುಗ್ಗಿಯ ಕಾಲ. 1891ರಲ್ಲಿ ರಷ್ಯಾದ ಸೇನೆ ಅಂಗೀಕರಿಸಿದ ಮೊಸಿನ್ ರೈಫಲ್ ಎರಡು ಮಹಾಯುದ್ಧಗಳಲ್ಲಿ ಹೋರಾಡಿತ್ತು. ಒಟ್ಟು ತಯಾರಾದದ್ದು ಸುಮಾರು 3.7 ಕೋಟಿ ಎಂಬ ಅಂದಾಜಿದೆ. ಯುದ್ಧಾನಂತರ ಸೋವಿಯತ್ ಶಸ್ತ್ರಾಗಾರಗಳು ಅವುಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಬೋಲ್ಟಿನ ಮೇಲೂ ಮ್ಯಾಗಜೀನಿನ ತಳದ ಮೇಲೂ ಹೊಸದಾಗಿ ಒಂದೇ ಸಂಖ್ಯೆ ಕೆತ್ತಿ, ಮರಕ್ಕೆ ಅರಗಿನ ಮೆರುಗು ಬಳಿದು, ಇಡೀ ರೈಫಲನ್ನು ದಪ್ಪ ಗ್ರೀಸಿನಲ್ಲಿ ಮುಳುಗಿಸಿ, ಪೆಟ್ಟಿಗೆಗೆ ಇಪ್ಪತ್ತರಂತೆ ತುಂಬಿ ಮುಂದಿನ ಮಹಾಯುದ್ಧಕ್ಕೆಂದು ಎತ್ತಿಟ್ಟಿದ್ದವು. ಆ ಯುದ್ಧ ಬರಲಿಲ್ಲ. ರಷ್ಯಾ, ಯುಕ್ರೇನ್ ಮತ್ತು ಪೂರ್ವ ಯೂರೋಪಿನ ಉಗ್ರಾಣಗಳಿಂದ ಆ ಪೆಟ್ಟಿಗೆಗಳು ಹಡಗೇರಿ ಬಂದವು.

ಅಂಥ ರೈಫಲೊಂದನ್ನು ಮನೆಗೆ ತಂದವರ ಮೊದಲ ಕೆಲಸ ಗ್ರೀಸ್ ತೆಗೆಯುವುದು. ಜೇನಿನ ಬಣ್ಣಕ್ಕೆ ತಿರುಗಿದ ಆ ಅಂಟು ಬೋಲ್ಟಿನ ಸ್ಪ್ರಿಂಗಿನೊಳಗೂ ಮರದ ರಂಧ್ರಗಳೊಳಗೂ ಇಳಿದಿರುತ್ತದೆ; ಮರವನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೇಸಿಗೆಯ ಬಿಸಿಲಿಗಿಟ್ಟರೆ ಬೆವರಿನಂತೆ ಹೊರಗೆ ಒಸರುತ್ತದೆ, ಒರೆಸಿ ಮತ್ತೆ ಇಡಬೇಕು. ಗುಂಡಿನ ಕೋಣೆಯಲ್ಲಿ ಒಂದು ತೆಳು ಪದರ ಉಳಿದರೂ ಸಾಕು, ನಾಲ್ಕಾರು ಸುತ್ತು ಹಾರಿಸಿದ ಮೇಲೆ ಅರಗುಮೆರುಗಿನ ಉಕ್ಕಿನ ಕಾಡತೂಸು ಅದಕ್ಕೆ ಅಂಟಿಕೊಂಡು, ಬೋಲ್ಟಿನ ಗಿಡ್ಡ ನೇರ ಹಿಡಿಕೆಯನ್ನು ಎತ್ತಲು ಅಂಗೈ ನೋಯುವಷ್ಟು ಬಲ ಬೇಕಾಗುತ್ತದೆ. ರೈಫಲಿನ ದೋಷವೆಂದು ದೂರುವ ಈ ತೊಂದರೆ ಸಾಮಾನ್ಯವಾಗಿ ಒಂದು ಗಟ್ಟಿ ಬ್ರಷ್ಷಿನಿಂದ ಬಗೆಹರಿಯುತ್ತದೆ.

ಗ್ರೀಸ್ ಹೋದ ಮೇಲೆ ಕಾಣುವುದು ಇತಿಹಾಸ. ಇಷೆವ್‌ಸ್ಕ್ ಕಾರ್ಖಾನೆಯ ತ್ರಿಕೋನದೊಳಗಿನ ಬಾಣವೋ ತುಲಾ ಕಾರ್ಖಾನೆಯ ನಕ್ಷತ್ರವೋ, ಅದರ ಪಕ್ಕದಲ್ಲಿ ವರ್ಷ. 1930ರ ದಶಕದ ರೈಫಲಿನ ಉಕ್ಕು ನುಣುಪಾಗಿರುತ್ತದೆ. 1942ರದ್ದಾದರೆ ಯಂತ್ರದ ಗೀರುಗಳು ಹಾಗೆಯೇ ಉಳಿದಿರುತ್ತವೆ, ಏಕೆಂದರೆ ಸ್ಟಾಲಿನ್‌ಗ್ರಾದ್ ಕದನದ ಆ ವರ್ಷ ನಯಗೊಳಿಸುವುದಕ್ಕೆ ಪುರುಸೊತ್ತಿರಲಿಲ್ಲ. ಜೊತೆಯಲ್ಲಿ ಬರುತ್ತಿದ್ದ ಎಣ್ಣೆಯ ಪುಟ್ಟ ತಗಡಿನ ಬಾಟಲಿಗೆ ಎರಡು ಬಾಯಿಗಳಿದ್ದವು. ಒಂದು ಎಣ್ಣೆಗೆ, ಇನ್ನೊಂದು ಕ್ಷಾರದ ದ್ರಾವಣಕ್ಕೆ. ಹಳೆಯ ಸೇನಾ ಕಾಡತೂಸಿನ ಕಿಡಿಮದ್ದು ಉರಿದಾಗ ನಳಿಗೆಯಲ್ಲಿ ಉಪ್ಪು ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವವನ್ನು ಹೀರಿ ತುಕ್ಕು ಹಿಡಿಸುತ್ತದೆ. ಬರಿಯ ಎಣ್ಣೆಯಿಂದ ಅದು ಕರಗುವುದಿಲ್ಲ. ಇಂದಿನ ಹವ್ಯಾಸಿಗಳು ಅದೇ ದಿನ ಬಿಸಿನೀರು ಸುರಿದು, ಒಣಗಿಸಿ, ಎಣ್ಣೆ ಹಾಕುತ್ತಾರೆ. ಸೋಮಾರಿತನ ಮಾಡಿದವರ ನಳಿಗೆಗಳು ಬೇಗನೆ ಹಾಳಾದವು.

ಬೆಲೆಯ ಅರ್ಧ ರಹಸ್ಯ ರೈಫಲಿನಲ್ಲಲ್ಲ, ಕಾಡತೂಸಿನಲ್ಲಿತ್ತು. 1891ರ ಆ ಅಂಚುಳ್ಳ 7.62 ಮಿ.ಮೀ. ಕಾಡತೂಸನ್ನು ರಷ್ಯಾದ ಸೇನೆ ಇಂದಿಗೂ ಮೆಷಿನ್‌ಗನ್ನುಗಳಲ್ಲಿ ಬಳಸುತ್ತದೆಯಾದ್ದರಿಂದ ಅದರ ದಾಸ್ತಾನು ಅಪಾರವಾಗಿತ್ತು. ಕಾಗದದಲ್ಲಿ ಸುತ್ತಿ ದಾರ ಕಟ್ಟಿದ ಇಪ್ಪತ್ತಿಪ್ಪತ್ತರ ಪೊಟ್ಟಣಗಳು, ಮೊಹರಾದ ತಗಡಿನ ಡಬ್ಬಿಯೊಂದರಲ್ಲಿ 440 ಸುತ್ತು, ಮರದ ಪೆಟ್ಟಿಗೆಯಲ್ಲಿ ಅಂಥ ಎರಡು ಡಬ್ಬಿ, ಜೊತೆಗೊಂದು ಡಬ್ಬಿ ಕೊಯ್ಯುವ ಸಾಧನ. ಒಬ್ಬ ವಿದ್ಯಾರ್ಥಿಯೋ ಗಡಿಯಾರ ರಿಪೇರಿಯವನೋ ತನ್ನ ದುಡಿಮೆಯ ಚಿಕ್ಕ ಪಾಲಿನಲ್ಲಿ ರೈಫಲನ್ನೂ ಒಂದು ಋತುವಿಗಾಗುವಷ್ಟು ಕಾಡತೂಸನ್ನೂ ಕೊಂಡು, ಭಾನುವಾರ ಗುರಿಕಣಕ್ಕೆ ಹೋಗಿ, ತೆರೆದ ಗುರಿಕಂಬದಿಂದ ನೂರು ಮೀಟರಿನ ಹಲಗೆಗೆ ಗುರಿಯಿಡುವುದನ್ನು ಕಲಿಯಬಹುದಿತ್ತು. ಸೋವಿಯತ್ ಸೈನಿಕರು ಈ ರೈಫಲನ್ನು ಬಯೋನೆಟ್ ಸಿಕ್ಕಿಸಿಯೇ ಹಾರಿಸುತ್ತಿದ್ದುದರಿಂದ ಗುರಿಯನ್ನೂ ಹಾಗೆಯೇ ಹೊಂದಿಸಲಾಗಿದೆ. ತೆಗೆದರೆ ಗುಂಡು ಪಕ್ಕಕ್ಕೆ ಸರಿಯುತ್ತದೆ. ಇಂಥದ್ದನ್ನು ಪುಸ್ತಕದಿಂದ ತಿಳಿಯುವುದು ಬೇರೆ, ಭುಜಕ್ಕೆ ಒದೆತ ತಿಂದು ತಿಳಿಯುವುದು ಬೇರೆ. ಕಡಿಮೆ ಹಣವುಳ್ಳವರಿಗೂ ಇತಿಹಾಸದ ಈ ಬಗೆಯ ಪಾಠ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಈ ಪೂರೈಕೆ ಬತ್ತಿಹೋದದ್ದು ಒಂದೇ ಸಲಕ್ಕಲ್ಲ. 1994ರಲ್ಲಿ ಚೀನಾಕ್ಕೆ ವ್ಯಾಪಾರ ಸವಲತ್ತು ಮುಂದುವರಿಸುವ ನಿರ್ಧಾರದ ಜೊತೆಗೆ ಅಲ್ಲಿಂದ ಬಂದೂಕುಗಳ ಆಮದು ನಿಂತಿತು. 1996ರಲ್ಲಿ ರಷ್ಯಾದೊಡನೆ ಆದ ಒಪ್ಪಂದವು ಯಾವ ಮಾದರಿಗಳು ಬರಬಹುದೆಂಬ ಪಟ್ಟಿ ಮಾಡಿತು. ಮೊಸಿನ್ ಆ ಪಟ್ಟಿಯಲ್ಲಿ ಉಳಿಯಿತು. ಬಾಲ್ಕನ್ ಮತ್ತು ಆಫ್ರಿಕಾದ ಯುದ್ಧಗಳಲ್ಲಿ ಮಿಕ್ಕ ಶಸ್ತ್ರಗಳು ಮಾಡಿದ ಹಾನಿಯನ್ನು ಕಂಡ ಯೂರೋಪಿನ ಭದ್ರತಾ ಸಂಘಟನೆಯು 2000ದಲ್ಲಿ ಹೆಚ್ಚುವರಿ ಸಣ್ಣ ಶಸ್ತ್ರಗಳ ವಿಲೇವಾರಿಗೆ ನಾಶಪಡಿಸುವುದೇ ಮೇಲೆಂದು ಘೋಷಿಸಿತು. ಅಂದಿನ ಆತಂಕ ಸಾಧಾರಣವಾಗಿತ್ತು ಎನ್ನಲಾಗದು. ಆದರೆ ಆ ಯುದ್ಧಗಳ ಕಾರ್ಬೈನು, ಮೆಷಿನ್‌ಗನ್ನುಗಳಿಗೂ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ ಅಜ್ಜನ ಕಾಲದ ರೈಫಲಿಗೂ ಒಂದೇ ಕುಲುಮೆ ಸಾಕೇ ಎಂಬ ಪ್ರಶ್ನೆಯನ್ನು ಕೇಳುವ ತಾಳ್ಮೆ ಅಂದು ಹೆಚ್ಚಿನವರಿಗೆ ಇರಲಿಲ್ಲ. 2013ರಲ್ಲಿ ಅಮೆರಿಕದ ಸರ್ಕಾರವು ತಾನು ವಿದೇಶಗಳಿಗೆ ಕೊಟ್ಟ ಸೇನಾ ರೈಫಲುಗಳು ಖಾಸಗಿಯವರಿಗಾಗಿ ಮರಳಿ ಬರುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. 2014ರಲ್ಲಿ ಕ್ರಿಮಿಯಾ ಸಂಬಂಧದ ನಿರ್ಬಂಧಗಳು ಬಂದವು. 2021ರಲ್ಲಿ ರಷ್ಯಾದ ವಿರೋಧಿ ನಾಯಕ ನವಾಲ್ನಿಯವರ ವಿಷಪ್ರಾಶನ ಪ್ರಕರಣದ ಹಿನ್ನೆಲೆಯಲ್ಲಿ ರಷ್ಯಾದ ಬಂದೂಕು ಹಾಗೂ ಮದ್ದುಗುಂಡಿನ ಹೊಸ ಆಮದು ಪರವಾನಗಿಗಳನ್ನೇ ನಿಲ್ಲಿಸಲಾಯಿತು. ಅಷ್ಟರಲ್ಲಿ ಪೆಟ್ಟಿಗೆಗಳೂ ಖಾಲಿಯಾಗುತ್ತ ಬಂದಿದ್ದವು.

ಈ ಪೇಟೆಯಲ್ಲಿ ಭಾರತದ ಪಾಲೂ ಇತ್ತು. 1962ರ ಚೀನಾ ಯುದ್ಧದ ನಂತರ ಬಂಗಾಳದ ಇಷಾಪುರ ಕಾರ್ಖಾನೆಯು ಲೀ-ಎನ್‌ಫೀಲ್ಡನ್ನು 7.62 ಮಿ.ಮೀ. ನೇಟೋ ಕಾಡತೂಸಿಗೆ ಒಗ್ಗಿಸಿ 2ಎ1 ಎಂಬ ರೈಫಲ್ ತಯಾರಿಸಿತು. ಸೇನೆಯ ಬಳಕೆ ಮುಗಿದ ಮೇಲೆ ಅವು ಅಮೆರಿಕದಲ್ಲಿ ಅಗ್ಗವಾಗಿ ಮಾರಾಟವಾದವು. ಭಾರತದ ನಾಗರಿಕರಿಗೆ ಮಾತ್ರ ಅವು ದಕ್ಕಲಿಲ್ಲ. ಸೇನೆ ಬಳಸುವ ಬೋರಿನ (ನಳಿಗೆಯ ಒಳ ಅಳತೆಯ) ರೈಫಲುಗಳು ಪ್ರಜೆಗಳ ಕೈಗೆ ಸಿಗಬಾರದೆಂದು ಬ್ರಿಟಿಷರು ಹಾಕಿದ ಗೆರೆಯನ್ನು 1959ರ ಶಸ್ತ್ರಾಸ್ತ್ರ ಕಾಯಿದೆಯ ವ್ಯವಸ್ಥೆಯೂ ಉಳಿಸಿಕೊಂಡಿತು; ಲೀ-ಎನ್‌ಫೀಲ್ಡಿನ ಮೂಲ ಅಳತೆಯಾದ .303 ನಿಷೇಧಿತ ಬೋರ್ ಆದುದರಿಂದ ಅದೇ ರೈಫಲಿನ ಯಂತ್ರಕ್ಕೆ .315 ನಳಿಗೆ ಕೂರಿಸಿ ನಾಗರಿಕರಿಗೆಂದು ಸರ್ಕಾರಿ ಕಾರ್ಖಾನೆಯೇ ತಯಾರಿಸಿತು. ಉತ್ತರ ಪ್ರದೇಶದ ಪೊಲೀಸರು .303ಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2019ರಲ್ಲಿ ಹತ್ತು ವರ್ಷ ಮುಂದುವರಿದ ವಿನಾಯಿತಿ ಕೋವಿಯ ಪರವಾನಗಿಗೆ ಸಂಬಂಧಿಸಿದ್ದೇ ಹೊರತು ಸೇನಾ ಸರ್‌ಪ್ಲಸ್ಸಿಗಲ್ಲ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿಯೂ ಗ್ರೀನ್ ಕಾರ್ಡ್ ಪಡೆದವರು ಕೊಳ್ಳಬಹುದು. ಎಚ್-1ಬಿ ವೀಸಾದವರು ಬೇಟೆಯ ಪರವಾನಗಿಯಂಥ ಕಾನೂನಿನ ವಿನಾಯಿತಿಯಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧ.

ಇಂದು ಪೇಟೆಗೆ ಬರುವುದು ಹೆಚ್ಚಾಗಿ ಹಳೆಯ ಸಂಗ್ರಹಗಳ ಮರುಮಾರಾಟ, ಹಾಗೂ ಇಥಿಯೋಪಿಯಾದ ಉಗ್ರಾಣಗಳಿಂದ ಬಂದ, ಮರ ಬಿರಿದ ಕಾರ್ಕಾನೊ ಮತ್ತಿತರ ರೈಫಲುಗಳು. ಸರ್ಬಿಯಾದಲ್ಲಿ ತಯಾರಾಗುವ ಹೊಸ ಕಾಡತೂಸು ತುಕ್ಕು ತರುವುದಿಲ್ಲವಾದರೂ ಹಳೆಯ ತಗಡಿನ ಡಬ್ಬಿಯ ದರದಲ್ಲಿ ಸಿಗುವುದಿಲ್ಲ. ಹಾಗಾಗಿ ಕೊಳ್ಳುವವರು ಈಗ ನಳಿಗೆಯ ಬಾಯಿ ಸವೆದಿದೆಯೇ, ಬೋಲ್ಟಿನ ಸಂಖ್ಯೆ ಹೊಂದುತ್ತದೆಯೇ ಎಂದು ನೋಡುತ್ತಾರೆ, ಬೋಲ್ಟ್ ಮುಚ್ಚಿದಾಗ ಕಾಡತೂಸಿನ ಹಿಂದೆ ಉಳಿಯುವ ಅಂತರವನ್ನು ಬಲ್ಲವರಿಂದ ಅಳೆಯಿಸುತ್ತಾರೆ. ಮರವನ್ನು ಕೊಯ್ದು ಮೊಟಕಾಗಿಸುವ ಹಳೆಯ ರೂಢಿಯನ್ನು ಬಹುತೇಕರು ಬಿಟ್ಟಿದ್ದಾರೆ, ಹಿಂದೆ ಕೊಯ್ದವುಗಳಿಗೆ ಮೂಲದ ಮರ ಹುಡುಕಿ ಜೋಡಿಸುವವರ ಸಂಖ್ಯೆ ಹೆಚ್ಚುತ್ತಿದೆ, ಮತ್ತು ಆ ಮರವೊಂದಕ್ಕೇ ಅವರು ಹಿಂದೊಮ್ಮೆ ಇಡೀ ರೈಫಲಿಗೆ ಕೊಡುತ್ತಿದ್ದಷ್ಟು ಹಣ ಕೊಡುತ್ತಿದ್ದಾರೆ.