ಕೆಮ್ಮಿನ ಬಾಟ್ಲಿಯೂ ತುಮಕೂರಿನ ಹಳ್ಳಿಗಳೂ

ನಮ್ಮ ಕಡೆ ಹಿಂದೆ ಸರ್ಕಾರಿ ಆಸ್ಪತ್ರೆಗೆ ಹೋಗುವವರು ಮನೆಯಿಂದಲೇ ಖಾಲಿ ಬಾಟ್ಲಿ ಹಿಡಿದು ಹೋಗುತ್ತಿದ್ದರು. ಕಾಂಪೌಂಡರ್ ದೊಡ್ಡ ಜಾಡಿಯಿಂದ ಕೆಂಪಗಿನ ಮಿಕ್ಸ್ಚರ್ ತುಂಬಿಸಿ, ಅಳತೆಗೆ ಕಚ್ಚು ಹಾಕಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ದಿನಕ್ಕೆ ಮೂರು ಹೊತ್ತು, ಒಂದೊಂದು ಗೆರೆ. ದೇಶದ ಟಿಬಿ ನೀತಿಯ ಕಥೆಯಲ್ಲಿ ಈ ಬಾಟ್ಲಿಗೂ ಒಂದು ಪಾತ್ರ ಇದೆ.

ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಕೈಜೋಡಿಸಿದ್ದವು. ಟಿಬಿ ರೋಗಿಯನ್ನು ಮನೆಯಲ್ಲೇ ಇಟ್ಟುಕೊಂಡು ಮಾತ್ರೆಯಿಂದ ವಾಸಿ ಮಾಡಬಹುದು ಎಂದು ಮದ್ರಾಸಿನ ಪ್ರಯೋಗ ಆಗಷ್ಟೇ ತೋರಿಸಿತ್ತು. ಸರಿ, ಆದರೆ ರೋಗಿಯನ್ನು ಹುಡುಕುವುದು ಹೇಗೆ? ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ತಾವಾಗಿ ಬರುವುದಿಲ್ಲ, ಎಕ್ಸ್‌ರೇ ವ್ಯಾನ್ ತಗೊಂಡು ಊರೂರು ಸುತ್ತಬೇಕು ಅನ್ನೋದು ಆಗಿನ ನಂಬಿಕೆ. ಇಡೀ ದೇಶಕ್ಕೆ ಅಷ್ಟು ವ್ಯಾನು, ಅಷ್ಟು ದುಡ್ಡು ಎಲ್ಲಿಂದ ತರೋದು?

1960-61ರಲ್ಲಿ ತುಮಕೂರು ಜಿಲ್ಲೆಯಲ್ಲಿ ಈ ಸಂಸ್ಥೆಯ ದೊಡ್ಡ ಸಮೀಕ್ಷೆ ನಡೆಯಿತು. ಜನರ ಎದೆಯ ಎಕ್ಸ್‌ರೇ ತೆಗೆದು, ಅನುಮಾನ ಬಂದವರ ಕಫ ಪರೀಕ್ಷೆ ಮಾಡಿದರು. ಯಾರಿಗೆ ರೋಗ ಇದೆ ಎಂದು ಲೆಕ್ಕ ಸಿಕ್ಕಿತು. ಸುಮ್ನೆ ಅಲ್ಲಿಗೇ ಬಿಟ್ಟಿದ್ದರೆ ಇನ್ನೊಂದು ವರದಿ ಆಗುತ್ತಿತ್ತು, ಅಷ್ಟೇ. ಆದರೆ ಸಂಸ್ಥೆಯಲ್ಲೇ ಇದ್ದ ಸಂಶೋಧಕರಾದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅದೇ ಜಿಲ್ಲೆಯ ರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸಿದರು. ನಿಮಗೇನಾಗಿದೆ? ಅದಕ್ಕೆ ಏನು ಮಾಡಿದಿರಿ?

1963ರಲ್ಲಿ ಪ್ರಕಟವಾದ ಉತ್ತರ ನನಗೆ ಇವತ್ತಿಗೂ ಚುಚ್ಚುತ್ತದೆ. ಬಹುಪಾಲು ರೋಗಿಗಳಿಗೆ ಕೆಮ್ಮು, ಜ್ವರ ಎಲ್ಲ ಗೊತ್ತಿತ್ತು. ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿದ್ದರು! ಅಲ್ಲಿ ಕಫ ನೋಡಿದವರಿಲ್ಲ. ಬಾಟ್ಲಿಗೆ ಮಿಕ್ಸ್ಚರ್ ತುಂಬಿಸಿ ಕಳಿಸಿದ್ದರು. ತಿಳಿವಳಿಕೆ ಯಾರಿಗೆ ಇರಲಿಲ್ಲ, ಹೇಳಿ?

ಬೇಕಾಗಿದ್ದು ವ್ಯಾನಲ್ಲ, ಒಂದು ಸೂಕ್ಷ್ಮದರ್ಶಕ. ಕಫವನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಬಿಸಿ ಮಾಡಿ ಬಣ್ಣ ಹಾಕಿದರೆ, ನೀಲಿ ಹಿನ್ನೆಲೆಯಲ್ಲಿ ಟಿಬಿ ರೋಗಾಣು ಕೆಂಪು ಕಡ್ಡಿಯಂತೆ ಕಾಣುತ್ತದೆ. ಇದನ್ನು ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದು. ಆ ಉತ್ತರ ಅಚ್ಚಾಗುವ ಮೊದಲೇ, 1962ರಲ್ಲಿ ಶುರುವಾದ ರಾಷ್ಟ್ರೀಯ ಟಿಬಿ ಕಾರ್ಯಕ್ರಮ ಈ ದಾರಿಯನ್ನೇ ಹಿಡಿಯಿತು. ಟಿಬಿಗೆ ಬೇರೆ ಪಡೆ ಕಟ್ಟದೆ, ಮಾಮೂಲಿ ಆಸ್ಪತ್ರೆಗೆ ಕೆಮ್ಮುತ್ತಾ ಬಂದವರ ಕಫವನ್ನು ಅಲ್ಲೇ ನೋಡುವುದು. ಲ್ಯಾಬಿನವರು, ಲೆಕ್ಕದವರು, ಸಮಾಜಶಾಸ್ತ್ರದವರು ಒಂದೇ ಸೂರಿನಡಿ ಇದ್ದು, ಸರ್ಕಾರವೂ ಪಕ್ಕದಲ್ಲೇ ಕೂತಿದ್ದಕ್ಕೆ ಇಷ್ಟು ಬೇಗ ಆಯ್ತು ಅಂತ ನನ್ನ ಅನಿಸಿಕೆ.

ಕಾಗದದಲ್ಲಿ ಇದ್ದಷ್ಟು ಚೆನ್ನಾಗಿ ಅದು ನಡೆಯಲಿಲ್ಲ ಅನ್ನೋದೂ ನಿಜ. ಮಾತ್ರೆ ಸರಿಯಾಗಿ ಸಿಗುತ್ತಿರಲಿಲ್ಲ, ವರ್ಷಗಟ್ಟಲೆ ನುಂಗಲಾರದೆ ಜನ ನಡುವೆಯೇ ಬಿಡುತ್ತಿದ್ದರು. 1990ರ ದಶಕದಲ್ಲಿ ಇಡೀ ಕಾರ್ಯಕ್ರಮವನ್ನೇ ಹೊಸದಾಗಿ ಕಟ್ಟಬೇಕಾಯಿತು.

ಈಗ ಊರಲ್ಲಿ ಯಾರಾದರೂ ಕೆಮ್ಮುತ್ತಿದ್ದರೆ ಆಶಾ ಕಾರ್ಯಕರ್ತೆ ಮೊದಲು ಕೇಳೋದು, ‘ಎರಡು ವಾರ ಆಯ್ತಾ?’ ಹೌದು ಅಂದರೆ ಕೈಗೆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ಅದರಲ್ಲಿ ಉಗಿಯಬೇಕು. ಎಂಜಲು ಬೇಡ, ಕಫವೇ ಬೇಕು.