ಸಾಗರದಲ್ಲಿ ‘ಅಡಿಕೆ’ಗೆ ಬೆಲೆಯಿಲ್ಲ

ಮಂಡಿಯ ದರದ ಮಾತು ಬಿಡಿ, ಇಲ್ಲಿ ಹೇಳುತ್ತಿರುವುದು ಪದದ ದರ. ಸಾಗರ, ತೀರ್ಥಹಳ್ಳಿ, ಹೊಸನಗರದ ಬೆಳೆಗಾರರ ಪ್ರಶ್ನೆಗಳು, ಅವಕ್ಕೆ ಬಂದ ಉತ್ತರಗಳು ಎಲ್ಲ ಸೇರಿ 1,000 ಚೀಟಿ ಕಂಪ್ಯೂಟರಿನಲ್ಲಿವೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. 800 ಚೀಟಿಗಳಲ್ಲಿ ‘ಅಡಿಕೆ’ ಇದೆ. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗಕ್ಕಿರುವ ಇನ್ನೊಂದು ಹೆಸರು ‘ಮಹಾಳಿ’ ಇರುವುದು 8ರಲ್ಲಿ ಮಾತ್ರ. ಆಷಾಢದ ಮಳೆ ಹಿಡಿದು ಕೂತಾಗ ಯಾರೋ ‘ಅಡಿಕೆ ಮಹಾಳಿ ಔಷಧಿ’ ಎಂದು ಹುಡುಕುತ್ತಾರೆ. ಹುಡುಕಿಕೊಡುವ ಯಂತ್ರ ಯಾವ ಪದಕ್ಕೆ ಹೆಚ್ಚು ಕಿವಿಗೊಡಬೇಕು?

ಯಂತ್ರ ಚೀಟಿಗಳನ್ನು ಒಂದೊಂದಾಗಿ ಓದುತ್ತಾ ಹೋಗುವುದಿಲ್ಲ. ಪುಸ್ತಕದ ಕೊನೆಯ ಪದಸೂಚಿಯಂತೆ, ಯಾವ ಪದ ಯಾವ ಚೀಟಿಯಲ್ಲಿ ಎಷ್ಟು ಸಲ ಬಂದಿದೆ ಎಂಬ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡಿರುತ್ತದೆ. ಪದದ ತೂಕ ಕಟ್ಟುವುದು ಈ ಪಟ್ಟಿಯಿಂದಲೇ. 1972ರಲ್ಲಿ ಕೇಂಬ್ರಿಜ್‌ನ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ ತೋರಿಸಿಕೊಟ್ಟ ಉಪಾಯ ತೀರಾ ಸರಳ: ಎಲ್ಲೆಲ್ಲೂ ಸಿಗುವ ಪದ ಹಗುರ, ಅಪರೂಪದ ಪದ ಭಾರ. ಒಟ್ಟು ಚೀಟಿಗಳನ್ನು ಆ ಪದವಿರುವ ಚೀಟಿಗಳಿಂದ ಭಾಗಿಸಿ ಲಾಗರಿದಮ್ ತೆಗೆದರೆ ಆಯಿತು. 1,000ವನ್ನು 800ರಿಂದ ಭಾಗಿಸಿದರೆ 1.25, ಎರಡರ ಬುಡದಲ್ಲಿ ಅದರ ಲಾಗ್ 0.32. ‘ಮಹಾಳಿ’ಗೆ ಭಾಗಲಬ್ಧ 125, ಲಾಗ್ 6.97. ಮಂಡಿಯಲ್ಲಿ ಮೇಲ್ದರ್ಜೆಯ ಅಡಿಕೆಯಾದ ಸರಕಿಗೂ ಕೆಳದರ್ಜೆಯ ಗೊರಬಲಿಗೂ ಇರುವ ಅಂತರಕ್ಕಿಂತ ಇದು ಎಷ್ಟೋ ದೊಡ್ಡದು. ತಮಾಷೆಯೆಂದರೆ ಪದದ ತೂಕ ಪದದೊಳಗಿಲ್ಲ, ರಾಶಿಯಲ್ಲಿದೆ. ಇದೇ ‘ಅಡಿಕೆ’ಯನ್ನು ಅಡಿಕೆಯೇ ಬೆಳೆಯದ ಸೀಮೆಯ ಚೀಟಿಗಳ ನಡುವೆ ಇಟ್ಟರೆ ಅದೇ ಅತಿ ಭಾರದ ಪದವಾಗಬಹುದು.

ಒಂದು ಚೀಟಿಯಲ್ಲಿ ಪದ ಎಷ್ಟು ಸಲ ಬಂದಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆದರೆ ಹಸಿದವನಿಗೆ ಮೊದಲ ಕೊಟ್ಟೆ ಕಡುಬು ಕೊಡುವ ಸಮಾಧಾನ ಹತ್ತನೆಯದು ಕೊಡುವುದಿಲ್ಲ. ಲಂಡನ್ನಿನಲ್ಲಿ ನಡೆದ ಒಕಾಪಿ ಎಂಬ ಹುಡುಕಾಟದ ಯೋಜನೆಯಲ್ಲಿ ಸ್ಟೀಫನ್ ರಾಬರ್ಟ್‌ಸನ್ ಮತ್ತು ಜೊತೆಗಾರರು 1990ರ ದಶಕದಲ್ಲಿ ರೂಪಿಸಿದ ‘ಬಿಎಂ25’ ಸೂತ್ರದಲ್ಲಿ ಇದೇ ನಡೆಯುತ್ತದೆ. ಅದರ ಒಂದು ತಿರುಪನ್ನು, ಅಂದರೆ ನಾವೇ ಹೊಂದಿಸುವ ಸಂಖ್ಯೆಯನ್ನು, ರೂಢಿಯಂತೆ 1.2ಕ್ಕೆ ಇಟ್ಟರೆ, ಸರಾಸರಿ ಉದ್ದದ ಚೀಟಿಯಲ್ಲಿ ಪದ ಒಮ್ಮೆ ಬಂದರೆ 1 ಅಂಕ, ಎರಡು ಸಲಕ್ಕೆ 1.375, ಹತ್ತು ಸಲಕ್ಕೆ 1.96. ನೂರು ಸಲ ಬರೆದರೂ 2.2 ದಾಟುವುದಿಲ್ಲ. ಇನ್ನೊಂದು ತಿರುಪು ಉದ್ದಕ್ಕೆ ದಂಡ ಹಾಕುತ್ತದೆ, ಅದಕ್ಕೆ 0.75 ಕೊಡುವುದು ವಾಡಿಕೆ. ಸರಾಸರಿಯ ಎರಡರಷ್ಟು ಉದ್ದದ ಚೀಟಿಯಲ್ಲಿ ಎರಡು ಸಲ ಬಂದ ಪದಕ್ಕೆ 1.375ರ ಬದಲು ಸಿಗುವುದು ಬರೀ 1.07.

ಈ ಸೂತ್ರದಲ್ಲಿ ಒಂದು ಗುಂಡಿಯಿದೆ, ಮಲೆನಾಡಿನ ರಾಶಿ ನೇರ ಅದಕ್ಕೇ ಬೀಳುತ್ತದೆ. ಬಿಎಂ25ರ ಮೂಲ ರೂಪದಲ್ಲಿ ಅಪರೂಪದ ಲೆಕ್ಕ ಹಾಕುವುದು ಪದವಿಲ್ಲದ ಚೀಟಿಗಳನ್ನು ಪದವಿರುವ ಚೀಟಿಗಳಿಂದ ಭಾಗಿಸಿ. ಸೊನ್ನೆಯ ಕಾಟ ತಪ್ಪಲೆಂದು ಎರಡೂ ಕಡೆ ಅರ್ಧ ಸೇರಿಸುತ್ತಾರೆ. ‘ಅಡಿಕೆ’ಗೆ ಅದು 200.5 ಭಾಗಿಸು 800.5, ಅದರ ಸಹಜ ಲಾಗ್ ಮೈನಸ್ 1.38. ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿರುವ ಪದದ ತೂಕ ಸೊನ್ನೆಗಿಂತ ಕೆಳಗಿಳಿಯಿತು! ಅಂದರೆ ‘ಅಡಿಕೆ’ ಎಂದು ಹುಡುಕಿದವರಿಗೆ ಅಡಿಕೆಯಿರುವ ಚೀಟಿಗಳೇ ಹಿಂದೆ ಸರಿಯುತ್ತವೆ. ಲೂಸೀನ್ ಎಂಬ ಹುಡುಕಾಟದ ಮುಕ್ತ ತಂತ್ರಾಂಶ ಲಾಗ್ ತೆಗೆಯುವ ಮುನ್ನ ಒಂದನ್ನು ಕೂಡಿಸಿಕೊಳ್ಳುತ್ತದೆ, ಆಗ ತೂಕ 0.22 ಆಗುತ್ತದೆ. ಹತ್ತಾರು ವಿಷಯ ಬೆರೆತ ದೊಡ್ಡ ರಾಶಿಯಲ್ಲಿ ಈ ದೋಷ ಕಣ್ಣಿಗೇ ಬೀಳುವುದಿಲ್ಲ. ಒಂದೇ ಬೆಳೆ, ಒಂದೇ ಊರಿನ ಸಣ್ಣ ರಾಶಿಯಲ್ಲಿ ಮೊದಲ ದಿನವೇ ಕಾಲಿಗೆ ತೊಡರುತ್ತದೆ.

ಇಷ್ಟೂ ಇಂಗ್ಲಿಷಿಗೆ ಹೊಲಿದ ಅಂಗಿ. ಕನ್ನಡದಲ್ಲಿ ತೊಂದರೆ ಇನ್ನೂ ಬುಡದಲ್ಲಿದೆ, ಎಣಿಕೆಯೇ ತಪ್ಪುತ್ತದೆ. ನಮ್ಮ ಬರಹದಲ್ಲಿ ಬರಿಯ ‘ಅಡಿಕೆ’ಗಿಂತ ಅಡಿಕೆಗೆ, ಅಡಿಕೆಯ, ಅಡಿಕೆಯಿಂದ, ಅಡಿಕೆಯಲ್ಲಿ, ಅಡಿಕೆಯನ್ನೂ ಎಂಬ ರೂಪಗಳೇ ಜಾಸ್ತಿ. ಜಾಗ ಬಿಟ್ಟಲ್ಲಿ ಪದ ಮುಗಿಯಿತು ಎಂದುಕೊಳ್ಳುವ ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪದಗಳು. ‘ಅಡಿಕೆಯನ್ನೂ’ ಎಂಬ ರೂಪ 4 ಚೀಟಿಗಳಲ್ಲಿ ಮಾತ್ರ ಇದ್ದರೆ 1,000 ಭಾಗಿಸು 4, ತೂಕ 7.97. ‘ಮಹಾಳಿ’ಗಿಂತ ಹೆಚ್ಚು! ರೋಗದ ಹೆಸರಿಗಿಂತ ಒಂದು ವಿಭಕ್ತಿ, ಒಂದು ‘ಊ’ಕಾರ ತೂಗಿಬಿಟ್ಟಿತು. ಸ್ಪಾರ್ಕ್ ಜೋನ್ಸ್ ಅವರ ಲೆಕ್ಕದಲ್ಲಿ ತಪ್ಪಿಲ್ಲ. ಅದಕ್ಕೆ ನಾವು ಕೊಟ್ಟ ಎಣಿಕೆ ಹುಸಿ.

ಹಾಗಾದರೆ ಬಾಲ ಕತ್ತರಿಸಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ‘ಗೆ’ ಕಂಡರೆ ತೆಗೆ, ‘ಗಳು’ ಕಂಡರೆ ತೆಗೆ ಎಂದು ನಿಯಮ ಬರೆದು ನೋಡಿ. ‘ಅಡಿಕೆಗೆ’ ಸರಿಯಾಗಿ ‘ಅಡಿಕೆ’ ಆಗುತ್ತದೆ. ‘ಹೋಳಿಗೆ’ ಮಾತ್ರ ‘ಹೋಳಿ’ ಆಗಿ ಬಣ್ಣ ಎರಚಲು ಹೊರಡುತ್ತದೆ. ‘ಸಂಪಿಗೆ’ ‘ಸಂಪಿ’ಯಾಗುತ್ತದೆ, ‘ತಿಂಗಳು’ ‘ತಿಂ’ ಆಗಿ ಉಳಿಯುತ್ತದೆ. ಹೀಗೆ ಕೆಡುವ ಪದಗಳಿಗೆ ಒಂದು ವಿನಾಯಿತಿ ಪಟ್ಟಿ ಇಡಲೇಬೇಕು, ಅದು ಬೆಳೆಯುತ್ತಲೇ ಇರುತ್ತದೆ. ಸಂಧಿಯ ಕಾಟ ಬೇರೆ: ‘ಮಳೆಗಾಲ’ದಲ್ಲಿ ‘ಕಾಲ’ ಹುಡುಕಿದರೆ ಸಿಗುವುದಿಲ್ಲ, ಕಕಾರ ಗಕಾರವಾಗಿದೆ.

ಕಣ್ಣಿಗೆ ಕಾಣದ ದೋಷವೂ ಒಂದಿದೆ. ಯುನಿಕೋಡ್‌ನಲ್ಲಿ ‘ಒ’ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ತುಂಡು ಸೇರಿಸಿಯೂ ಬರೆಯಬಹುದು, ‘ಓ’ಕಾರಕ್ಕೆ ಮೂರು ತುಂಡು. ‘ಕೊಳೆರೋಗ’ ಒಂದು ರೀತಿಯಲ್ಲಿ 7 ಸಂಕೇತ, ಇನ್ನೊಂದು ರೀತಿಯಲ್ಲಿ 10. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ, ಯಂತ್ರಕ್ಕೆ ಎರಡೂ ಅಪರಿಚಿತರು. ಸೂಚಿ ಕಟ್ಟುವಾಗಲೂ, ಪ್ರಶ್ನೆ ಬಂದಾಗಲೂ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಒಂದು ಕಡೆ ಮಾಡಿ ಇನ್ನೊಂದು ಕಡೆ ಮರೆತರೆ ಮಾಡದಿದ್ದಷ್ಟೇ ಕೆಟ್ಟದು.

ನನ್ನ ಮಟ್ಟಿಗೆ, ಒಳ್ಳೆಯ ಪದವಿಂಗಡಣೆ ಕೈಯಲ್ಲಿಲ್ಲದಾಗ ಅಕ್ಷರಜೋಡಿಯೇ ವಾಸಿ. ಪದವನ್ನು ಎರಡೆರಡು ಅಕ್ಷರದ ತುಂಡು ಮಾಡಿ, ತುಂಡುಗಳಿಗೇ ಸೂಚಿ ಕಟ್ಟುವುದು. ‘ಕೊಳೆರೋಗ’ದಿಂದ ‘ಕೊಳೆ’, ‘ಳೆರೋ’, ‘ರೋಗ’ ಬರುತ್ತವೆ. ‘ಕೊಳೆರೋಗಕ್ಕೆ’ ಎಂದು ಬರೆದರೂ ಮೂರೂ ತುಂಡು ಅದರಲ್ಲಿವೆ. ‘ಕೊಳೆ ರೋಗ’ ಎಂದು ಬಿಡಿಸಿ ಬರೆದರೆ ಎರಡಾದರೂ ಸಿಗುತ್ತವೆ. ವ್ಯಾಕರಣದ ಹಂಗೇ ಬೇಡ. ಸೂಚಿ ಊದಿಕೊಳ್ಳುತ್ತದೆ, ‘ರೋಗ’ ಎಂಬ ತುಂಡು ಹಳದಿ ಎಲೆ ರೋಗದ ಚೀಟಿಗಳನ್ನೂ ಎಳೆದು ತರುತ್ತದೆ. ಆದರೆ ‘ರೋಗ’ ಎಲ್ಲೆಡೆ ಇರುವುದರಿಂದ ಅದರ ತೂಕ ತಾನೇ ಇಳಿದಿರುತ್ತದೆ. 1972ರ ಉಪಾಯ ಇಲ್ಲಿ ಮತ್ತೆ ಕೈಹಿಡಿಯುತ್ತದೆ.

ಪದವೇ ಬೇರೆಯಾದರೆ ಯಾವ ತುಂಡೂ ಕೂಡುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಗುರುತಿಸಿದ ಜ್ವರ ಊರವರ ಬಾಯಲ್ಲಿ ‘ಮಂಗನ ಕಾಯಿಲೆ’, ವೈದ್ಯರ ಕಾಗದದಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ‘ಕೆಎಫ್‌ಡಿ’. ಹರಡುವ ಜೀವಿಯನ್ನು ಒಬ್ಬರು ‘ಉಣ್ಣೆ’ ಎಂದರೆ ಇನ್ನೊಬ್ಬರು ‘ಉಣುಗು’ ಎನ್ನುತ್ತಾರೆ. ‘ಉಣ್ಣೆ’ ಎಂದು ಹುಡುಕಿದರೆ ಕಂಬಳಿಯ ಉಣ್ಣೆಯೂ ಬಂದು ಕೂರುತ್ತದೆ. ಒಂದೇ ವಸ್ತುವಿಗೆ ಇಬ್ಬರು ತಾವಾಗಿ ಒಂದೇ ಹೆಸರು ಆರಿಸುವ ಸಂಭವ ನೂರಕ್ಕೆ 20ಕ್ಕಿಂತ ಕಡಿಮೆ ಎಂದು ಜಾರ್ಜ್ ಫರ್ನಾಸ್ ಮತ್ತು ಸಂಗಡಿಗರು 1987ರಲ್ಲೇ ಅಳೆದು ತೋರಿಸಿದ್ದರು. ಈಗಿನ ನರಜಾಲ ಮಾದರಿಗಳು ಪದವನ್ನು ನೂರಾರು ಸಂಖ್ಯೆಗಳ ಸಾಲಾಗಿಸಿ, ಅರ್ಥ ಹತ್ತಿರವಿದ್ದರೆ ಸಾಲುಗಳೂ ಹತ್ತಿರ ಬರುವಂತೆ ಕಲಿಯುತ್ತವೆ. ‘ಉಣ್ಣೆ’ಗೂ ‘ಉಣುಗಿ’ಗೂ ಗಂಟು ಬೀಳುವುದು ಹೀಗೆ. ಆದರೆ ಅದೇ ಸಲಿಗೆಯಲ್ಲಿ ‘ಮಂಗನ ಕಾಯಿಲೆ’ ಕೇಳಿದವರಿಗೆ ಗದ್ದ ಊದುವ ‘ಮಂಗನ ಬಾವು’ ತಂದುಕೊಡುವ ಅಪಾಯವೂ ಇದೆ. ಎರಡೂ ರೋಗ, ಎರಡರಲ್ಲೂ ಮಂಗ, ಎರಡರಲ್ಲೂ ಜ್ವರ! ಹಾಗಾಗಿ ಪದ ಹೊಂದಿಸುವ ಪಟ್ಟಿ ಮತ್ತು ಅರ್ಥ ಹೊಂದಿಸುವ ಪಟ್ಟಿ ಎರಡನ್ನೂ ತೆಗೆದು ಬೆರೆಸುವುದು ರೂಢಿ. ಪ್ರತಿ ಪಟ್ಟಿಯಲ್ಲಿ ಚೀಟಿಯ ಸ್ಥಾನಕ್ಕೆ 60 ಕೂಡಿಸಿ, ಒಂದನ್ನು ಅದರಿಂದ ಭಾಗಿಸಿ, ಬಂದದ್ದನ್ನು ಒಟ್ಟುಮಾಡುತ್ತಾರೆ. ಒಂದರಲ್ಲಿ 3ನೆಯದು, ಇನ್ನೊಂದರಲ್ಲಿ 5ನೆಯದಾದ ಚೀಟಿಗೆ 0.031, ಒಂದರಲ್ಲಿ ಮೊದಲು ನಿಂತು ಇನ್ನೊಂದರಲ್ಲಿ ಕಾಣದೇ ಹೋದದ್ದಕ್ಕೆ 0.016.

ಇವುಗಳಲ್ಲಿ ಯಾವುದು ನಮ್ಮ ರಾಶಿಗೆ ಒಗ್ಗುತ್ತದೆ ಎಂಬುದನ್ನು ವಾದಿಸಿ ತೀರ್ಮಾನಿಸುವಂತಿಲ್ಲ, ಅಳೆಯಬೇಕು. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ಸುಮಾರು 1,400 ವೈಮಾನಿಕ ಲೇಖನಗಳನ್ನೂ ಪ್ರಶ್ನೆಗಳನ್ನೂ ಮುಂದಿಟ್ಟುಕೊಂಡು, ಯಾವ ಪ್ರಶ್ನೆಗೆ ಯಾವ ಲೇಖನ ಉತ್ತರ ಎಂದು ಮೊದಲೇ ಗುರುತು ಹಾಕಿಸಿದರು. ಪಂಡಿತರು ಜತನದಿಂದ ಕಟ್ಟಿದ ಪಾರಿಭಾಷಿಕ ಪಟ್ಟಿಗಳಿಗಿಂತ ಲೇಖನದೊಳಗಿನ ಬಿಡಿ ಪದಗಳೇ ಚೆನ್ನಾಗಿ ಕೆಲಸ ಮಾಡಿದ್ದು ಗ್ರಂಥಾಲಯದವರಿಗೆ ಆಗ ನುಂಗಲಾರದ ತುತ್ತಾಯಿತು. ನಮ್ಮ 1,000 ಚೀಟಿಗೆ ಇಂಥ 50 ಪ್ರಶ್ನೆ ಸಾಕು, ಆದರೆ ಅವು ತೋಟದವರು ನಿಜಕ್ಕೂ ಟೈಪ್ ಮಾಡಿದ ಪ್ರಶ್ನೆಗಳಾಗಿರಬೇಕು, ‘ಅಡಕೆ’, ‘ಕೊಳೆರೊಗ’ ಎಂಬ ಕಾಗುಣಿತ ಸಮೇತ. ಬಂದ ಹತ್ತರಲ್ಲಿ ಎಷ್ಟು ಸರಿ ಎಂದು ಎಣಿಸುವುದು ಸುಲಭ. ಬರಬೇಕಾಗಿದ್ದು ಎಷ್ಟು ತಪ್ಪಿಹೋಯಿತು ಎಂದು ತಿಳಿಯಲು ಸಾವಿರವನ್ನೂ ಯಾರಾದರೂ ಕೂತು ಓದಬೇಕು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ಹೇಳುವ ಚೀಟಿಯಲ್ಲಿ ‘ಕೊಳೆರೋಗ’ವೂ ಇಲ್ಲ, ‘ಮಹಾಳಿ’ಯೂ ಇಲ್ಲ ಎಂಬುದು ಗೊತ್ತಾಗುವುದು ಹಾಗೆ ಓದಿದವರಿಗೆ ಮಾತ್ರ.